ಟೈಪ್‌ಫಾರ್ಮ್ ಎಪಿಐ: ಉತ್ತರ ತೆಗೆಯುವುದು ಸಲೀಸು, ಫಾರ್ಮ್ ತಿದ್ದುವಾಗ ಹುಷಾರು

ಫಾರ್ಮ್‌ಗೆ ಬಂದ ಉತ್ತರಗಳನ್ನು ಕೋಡ್‌ನಿಂದ ತೆಗೆದುಕೊಳ್ಳಲು ಆನ್‌ಲೈನ್ ಫಾರ್ಮ್ ಸೇವೆಯಾದ ಟೈಪ್‌ಫಾರ್ಮ್‌ನ ಎಪಿಐ (ಬೇರೆ ಪ್ರೋಗ್ರಾಂಗಳು ಅದರೊಡನೆ ವ್ಯವಹರಿಸುವ ದಾರಿ) ಚೆನ್ನಾಗಿದೆ. ಏನೂ ಹೇಳದಿದ್ದರೆ ಒಂದು ರಿಕ್ವೆಸ್ಟ್‌ಗೆ 25 ಉತ್ತರಗಳಷ್ಟೇ ಬರುತ್ತವೆ; ಪೇಜ್ ಸೈಜ್ 1000ದವರೆಗೆ ಏರಿಸಬಹುದು. ಅದಕ್ಕೂ ಹೆಚ್ಚಿದ್ದರೆ ಕೊನೆಯ ಉತ್ತರದ ಟೋಕನ್ (ಗುರುತಿನ ಸಂಕೇತ) ಕೊಟ್ಟು ಮುಂದಿನ ಕಂತು ಕೇಳಬೇಕು. ಮಿತಿ ಸೆಕೆಂಡಿಗೆ 2 ರಿಕ್ವೆಸ್ಟ್, ಲೂಪ್‌ನಲ್ಲಿ ವಿರಾಮವಿರಲಿ.

ಈಗಷ್ಟೇ ಬಂದ ಉತ್ತರ ತಕ್ಷಣ ಸಿಗದಿರಬಹುದು. ತುರ್ತಿದ್ದರೆ, ಉತ್ತರ ಬಂದೊಡನೆ ಅದನ್ನು ನಿಮ್ಮ ಸರ್ವರ್‌ಗೆ ತಾನೇ ಕಳಿಸುವ ವೆಬ್‌ಹುಕ್ಕೇ ಸರಿ. ಅದರ ಎಚ್‌ಮ್ಯಾಕ್ ಸಹಿಯನ್ನು (ಸಂದೇಶ ಅಸಲಿಯೇ ಎಂದು ತಿಳಿಸುವ ಸಂಕೇತ) ಜೇಸನ್ (ಡೇಟಾ ಬರುವ ಪಠ್ಯ ರೂಪ) ಪಾರ್ಸ್ ಮಾಡುವ ಮೊದಲಿನ ಕಚ್ಚಾ ಬಾಡಿಯ, ಅಂದರೆ ಬಂದ ಸಂದೇಶದ ಮೂಲ ಪಠ್ಯದ, ಮೇಲೆಯೇ ಪರೀಕ್ಷಿಸಿ, ಇಲ್ಲದಿದ್ದರೆ ತಾಳೆಯಾಗದು.

ನಿಜವಾದ ಅಪಾಯ ಇಡೀ ಫಾರ್ಮನ್ನು ಹೊಸದಾಗಿ ಬರೆಯುವ ಪುಟ್ (PUT) ರಿಕ್ವೆಸ್ಟ್‌ನಲ್ಲಿದೆ. ಹಳೆಯ ಪ್ರಶ್ನೆಗಳ ಐಡಿ ಬಿಟ್ಟು ಕಳಿಸಿದರೆ ಆ ಪ್ರಶ್ನೆಗಳೂ ಅವಕ್ಕೆ ಬಂದ ಉತ್ತರಗಳೂ ಅಳಿಸಿಹೋಗುತ್ತವೆ. (ಈ ವಿನ್ಯಾಸಕ್ಕೆ ಅಂಕ ಕಡಿಮೆಯೇ.) ಮೊದಲು ಗೆಟ್ (GET) ರಿಕ್ವೆಸ್ಟ್‌ನಿಂದ ಈಗಿನ ಫಾರ್ಮ್ ತರಿಸಿಕೊಂಡು, ಬಂದ ಜೇಸನ್ನನ್ನೇ ತಿದ್ದಿ ಪೂರ್ತಿಯಾಗಿ ಕಳಿಸಿ.