ಗಾಡಿ ಚೆನ್ನಾಗಿದೆ, ಜಾಗ ಮಾತ್ರ ಅವರದ್ದಲ್ಲ

5ಕ್ಕೆ 2 ಸ್ಟಾರ್. ಆ ಎರಡೂ ಗಾಡಿಗೆ, ಬಾಡಿಗೆಗೆ ಕೊಟ್ಟವರಿಗಲ್ಲ.

ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು) ನಿಜಕ್ಕೂ ಸೂಪರ್. ಬ್ರೇಕ್ ಸರಿಯಾಗಿ ಹಿಡಿಯುತ್ತಿತ್ತು, ಟೈರಿನ ಗ್ರಿಪ್ ಸವೆದಿರಲಿಲ್ಲ, ಹೆಲ್ಮೆಟ್ ಕೂಡ ಬೆವರು ನಾತ ಹೊಡೆಯುತ್ತಿರಲಿಲ್ಲ (ಬಾಡಿಗೆ ಹೆಲ್ಮೆಟ್ ಹಾಕಿದವರಿಗೆ ಇದರ ಬೆಲೆ ಗೊತ್ತು). ಹೊರಡುವ ಮುಂಚೆ ಕೇಳಿದೆ, ಜಾಗಕ್ಕೆ ಪರ್ಮಿಶನ್ ಇದೆ ಅಲ್ವಾ ಅಂತ. "ದಿನಾ ಹೋಗ್ತೀವಿ ಸರ್" ಅಂದರು. ಅದು ನನ್ನ ಪ್ರಶ್ನೆಗೆ ಉತ್ತರವೇ ಅಲ್ಲ ಅಂತ ಆಗ ಹೊಳೆಯಲಿಲ್ಲ.

ಅರ್ಧ ಗಂಟೆ ಆದಮೇಲೆ ಒಂದು ಗೇಟು. ಪೂರ್ತಿ ತೆರೆದು ಪೊದೆಗೆ ಒರಗಿಸಿದ್ದರು, ಒಳಗೆ ನುಗ್ಗಿದೆವು. ವಾಪಸ್ ಬರುವಾಗ ಅದು ಮುಚ್ಚಿತ್ತು, ಪಕ್ಕದಲ್ಲಿ ಜಮೀನಿನ ಮಾಲೀಕರು, ಜೊತೆಗೆ ಪೊಲೀಸ್. ಮಾಲೀಕರು ಕೂಗಾಡಲಿಲ್ಲ. ನಮ್ಮನ್ನು ಗೇಟಿನ ಆಚೆ ಕರೆದುಕೊಂಡು ಹೋಗಿ, ಪೊದೆಯೊಳಗೆ ಸೇರಿಹೋಗಿದ್ದ ಬೋರ್ಡು ಓದಿಸಿದರು: ಖಾಸಗಿ ಜಾಗ, ವಾಹನಗಳಿಗೆ ಪ್ರವೇಶವಿಲ್ಲ. ಆಮೇಲೆ ಒದ್ದೆ ನೆಲದ ಕಡೆ ಕೈ ತೋರಿಸಿದರು. ನನ್ನ ಟೈರಿನ ಗುರುತು ಹೊಸದಾಗಿ ನೆಟ್ಟ ಸಸಿಗಳ ಸಾಲನ್ನು ಅಡ್ಡಡ್ಡ ಸೀಳಿಕೊಂಡು ಹೋಗಿತ್ತು. ಇನ್ನೇನು ವಾದ ಮಾಡೋದು? ಗೈಡ್ ಮಾತ್ರ ಬೇರೆ ದಾರಿ ನೋಡಿ ಬರ್ತೀನಿ ಅಂತ ಹೋದವನು ಬರಲೇ ಇಲ್ಲ.

ದಂಡ ಓಡಿಸಿದವರ ಹೆಸರಿಗೆ, ಗಾಡಿ ಜಪ್ತಿ. ಕಂಪನಿಗೆ ಫೋನ್ ಮಾಡಿದರೆ, ನೀವು ಸಹಿ ಹಾಕಿದ ಕಾಗದದ ಹಿಂದಿನ ಪುಟ ನೋಡಿ ಅಂದರು. ಇರುವೆ ಗಾತ್ರದ ಅಕ್ಷರದಲ್ಲಿ ಎಲ್ಲಾ ಇತ್ತು: ದಂಡ, ಟೋಯಿಂಗ್, ಜಮೀನಿನ ಹಾನಿ, ಗಾಡಿ ಬಿಡಿಸಿಕೊಳ್ಳುವವರೆಗಿನ ಬಾಡಿಗೆ, ಎಲ್ಲವೂ ಗ್ರಾಹಕರ ತಲೆಗೆ. ಡೆಪಾಸಿಟ್ ಅಲ್ಲಿಗೇ ಹೋಯಿತು.

ಹೊಟ್ಟೆ ಉರಿದು ಬೇರೆ ದೇಶಗಳಲ್ಲಿ ಹೇಗಿದೆ ಅಂತ ಓದುತ್ತಾ ಕೂತೆ. ಬ್ರಿಟನ್ನಿನಲ್ಲಿ 1988ರ ರಸ್ತೆ ಸಂಚಾರ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಅಧಿಕಾರ ಇಲ್ಲದೆ ರಸ್ತೆ ಬಿಟ್ಟು ಜಮೀನಿಗೆ ಗಾಡಿ ಇಳಿಸುವುದೇ ಅಪರಾಧ. ರಸ್ತೆಯಿಂದ 15 ಗಜದೊಳಗೆ ವಿನಾಯಿತಿ ಇದೆ, ಅದೂ ಪಾರ್ಕ್ ಮಾಡೋಕೆ ಮಾತ್ರ. ಹಾಗೆ ಜನರಿಗೆ ಕಿರಿಕಿರಿ ಆಗುವಂತೆ ಓಡಿಸಿದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2002ರ ಇನ್ನೊಂದು ಕಾಯ್ದೆಯಡಿ ಪೊಲೀಸರು ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು. ಅಂದರೆ ನನಗೊಬ್ಬನಿಗೇ ಆದ ಅನ್ಯಾಯ ಏನಲ್ಲ ಇದು.

ಇವರ ಹತ್ತಿರವೇ ಹೋಗುವುದಾದರೆ ಮಾಲೀಕರ ಒಪ್ಪಿಗೆ ಪತ್ರ ತೋರಿಸಿ ಅನ್ನಿ, ತಾರೀಖೂ ನೋಡಿ. ಸುಮ್ನೆ ಬಾಯಿಮಾತು ನಂಬಬೇಡಿ. ನಾನು ಆ ಪತ್ರ ಕೇಳಿ ಎರಡು ಸಲ ಮೇಲ್ ಹಾಕಿದೆ. ಎರಡಕ್ಕೂ ಒಂದೇ ಉತ್ತರ, ಮುಂದಿನ ರೈಡ್‌ಗೆ ಡಿಸ್ಕೌಂಟ್ ಕೂಪನ್.