ಮನೆಯಂಗಳದ ಅಕ್ವಾಪೋನಿಕ್ಸ್‌ಗೆ ಯಾವ ಮೀನಿನ ತೊಟ್ಟಿ? ಮಲೆನಾಡಿನಲ್ಲಿ ಮೂರನ್ನು ಬಳಸಿ ನೋಡಿದ ಹೋಲಿಕೆ

ಮೀನು ಸಾಕಿದ ನೀರನ್ನು ತರಕಾರಿ ಮಡಿಗೆ ಹರಿಸಿ, ಅಲ್ಲಿ ಸೋಸಿ ಬಂದ ನೀರನ್ನು ಮತ್ತೆ ಮೀನಿಗೇ ಮರಳಿಸುವ ಅಕ್ವಾಪೋನಿಕ್ಸ್ ಪದ್ಧತಿಯನ್ನು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹಿತ್ತಿಲಲ್ಲಿ ಮೂರು ಮಳೆಗಾಲ ನಡೆಸಿದ್ದೇನೆ. ನೀರು ನಿಲ್ಲುವ ಯಾವ ತೊಟ್ಟಿಯಾದರೂ ಸಾಕೆಂಬ ನನ್ನ ಎಣಿಕೆ ಮೊದಲ ಆಷಾಢದಲ್ಲೇ ಸುಳ್ಳಾಯಿತು. ಮಾಡು ಹಾಕದ ತೊಟ್ಟಿಯಲ್ಲಿ 100 ಮಿ.ಮೀ. ಮಳೆ ಎಂದರೆ ಹತ್ತು ಸೆಂಟಿಮೀಟರ್ ನೀರು ಏರಿದಂತೆ. ಒಂದೇ ರಾತ್ರಿಯಲ್ಲಿ ತೊಟ್ಟಿ ತುಂಬಿ, ಮೀನುಗಳು ತೋಟದ ಬಸಿಗಾಲುವೆಗೆ ಹೋದವು. ಮರುವರ್ಷ ತಲಾ ಸಾವಿರ ಲೀಟರಿನಷ್ಟು ನೀರು ಹಿಡಿಯುವ ಮೂರು ತೊಟ್ಟಿಗಳನ್ನು (ಐಬಿಸಿ ಟ್ಯಾಂಕ್, ಟಾರ್ಪಾಲಿನ್ ತೊಟ್ಟಿ, ಸಿಮೆಂಟ್ ರಿಂಗ್ ತೊಟ್ಟಿ) ಒಂದೇ ಮಾಡಿನ ಕೆಳಗೆ ಇಟ್ಟು, ಪ್ರತಿಯೊಂದಕ್ಕೂ ಜಲ್ಲಿ ತುಂಬಿದ ಒಂದು ಮಡಿ ಜೋಡಿಸಿ, ಸಾಮಾನ್ಯ ಗೆಂಡೆ ಮರಿಗಳನ್ನು ಸಮ ಸಂಖ್ಯೆಯಲ್ಲಿ ಬಿಟ್ಟೆ. ಮಡಿಗಳಲ್ಲಿ ಬಸಳೆ ಮತ್ತು ಹರಿವೆ ಇದ್ದವು.

ಕಬ್ಬಿಣದ ಪಂಜರದೊಳಗೆ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಯಿರುವ ಹಳೆಯ ಐಬಿಸಿ ಟ್ಯಾಂಕನ್ನು ಒಂದೇ ದಿನದಲ್ಲಿ ಕೂರಿಸಬಹುದು. ಅದರ ದೊಡ್ಡ ಅನುಕೂಲ ಅಷ್ಟೇ. ಕೊಳ್ಳುವ ಮೊದಲು ಅದರಲ್ಲಿ ಹಿಂದೆ ಏನು ತುಂಬಿತ್ತೆಂದು ತಿಳಿಯಲೇಬೇಕು. ಖಾದ್ಯ ಪದಾರ್ಥ ತುಂಬಿದ್ದಲ್ಲದೆ ಬೇರೆಯದನ್ನು ಮನೆಗೆ ತರಬಾರದು. ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಹಾಯುವುದರಿಂದ ಎರಡೇ ವಾರದಲ್ಲಿ ನೀರು ಹಸಿರುಗಟ್ಟಿತು. ಹೊರಮೈಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಬಳಿದ ನಂತರವೇ ಪಾಚಿ ಹತೋಟಿಗೆ ಬಂದಿತು. ಆದರೆ ಚೌಕದ ಮೂಲೆಗಳಲ್ಲಿ ಕೂರುವ ಮೀನಿನ ಹಿಕ್ಕೆಗೆ ಅಂತಹ ಪರಿಹಾರ ಸಿಗಲಿಲ್ಲ; ವಾರಕ್ಕೊಮ್ಮೆ ಪೈಪು ಹಾಕಿ ಹೀರಿ ತೆಗೆಯಬೇಕಾಯಿತು.

ಈ ವಿಷಯದಲ್ಲಿ ಟಾರ್ಪಾಲಿನ್ ತೊಟ್ಟಿ ಎಲ್ಲಕ್ಕಿಂತ ಮೇಲು. ದುಂಡಗಿನ ತೊಟ್ಟಿಯಲ್ಲಿ ನೀರು ಸುತ್ತುತ್ತಿದ್ದರೆ ಕಸವೆಲ್ಲ ನಡುವಿಗೆ ಸೇರುತ್ತದೆ. ತಳವನ್ನು ಅಲ್ಲಿಗೇ ಇಳಿಜಾರು ಮಾಡಿ ಪೈಪು ಕೊಟ್ಟಿದ್ದರಿಂದ ವಾಲ್ವ್ ತಿರುಗಿಸಿದರೆ ಸಾಕಾಗುತ್ತಿತ್ತು. ಬೆಲೆಯೂ ಕಡಿಮೆ. ಆದರೂ ಎರಡನೆಯ ಮಳೆಗಾಲದಲ್ಲಿ ಹೆಗ್ಗಣ ಬುಡದಲ್ಲಿ ಕಡಿದು, ಬೆಳಗಾಗುವಷ್ಟರಲ್ಲಿ ನೀರು ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ತೇಪೆ ಹಾಕಬೇಕಾದರೆ ಮೀನುಗಳನ್ನೆಲ್ಲ ಬೇರೆಡೆಗೆ ಸಾಗಿಸಿ ತೊಟ್ಟಿ ಒಣಗಿಸಬೇಕು, ಆದರೆ ಜುಲೈ ತಿಂಗಳಿನಲ್ಲಿ ನಮ್ಮಲ್ಲಿ ಯಾವುದೂ ಒಣಗುವುದಿಲ್ಲ.

ಸಿಮೆಂಟ್ ರಿಂಗ್‌ಗಳ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಾವಿಗೆ ಇಳಿಸುವ ನಾಲ್ಕು ಅಡಿ ಒಳವ್ಯಾಸದ, ಒಂದು ಅಡಿ ಎತ್ತರದ ರಿಂಗೊಂದು ಸುಮಾರು 355 ಲೀಟರ್ ನೀರು ಹಿಡಿಯುತ್ತದೆ. ಅಂಚಿನಲ್ಲಿ ಅರ್ಧ ಅಡಿಯನ್ನಾದರೂ ಖಾಲಿ ಬಿಡಬೇಕಾದ್ದರಿಂದ ನಾಲ್ಕು ರಿಂಗ್ ಪೇರಿಸಿ, ಕೆಳಗಿನದನ್ನು ನೆಲದೊಳಗೆ ಹೂತು, ತಳಕ್ಕೆ ಕಾಂಕ್ರೀಟ್ ಹಾಕಿಸಿದೆ. ಹೊಸ ಸಿಮೆಂಟಿನ ಸುಣ್ಣದಿಂದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9 ದಾಟಿತ್ತು. ಆ ಮಟ್ಟದಲ್ಲಿ ಅಮೋನಿಯಾದ ವಿಷ ಹೆಚ್ಚುವುದರಿಂದ, ಬಾಳೆದಿಂಡಿನ ತುಂಡುಗಳನ್ನು ಹಾಕಿ, ವಾರಕ್ಕೊಮ್ಮೆ ನೀರು ಬದಲಿಸುತ್ತ ಒಂದು ತಿಂಗಳು ಕಾಯ್ದೆ. ಮೊದಲು ದೋಷವಾಗಿ ಕಂಡ ಅದೇ ಸುಣ್ಣ ಅನಂತರ ಗುಣವಾಯಿತು. ಮೀನು ಹೊರಬಿಡುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ, ಮತ್ತೆ ನೈಟ್ರೇಟ್ ಆಗಿ ಮಾರ್ಪಡಿಸುವಾಗ ನೀರಿನ ಕ್ಷಾರೀಯತೆ, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಶಕ್ತಿ, ಕರಗುತ್ತ ಹೋಗುತ್ತದೆ. ನಮ್ಮ ಬಾವಿಯ ಮೆದು ನೀರಿನಲ್ಲಿ ಅದು ಮೊದಲೇ ಕಡಿಮೆ. ಉಳಿದೆರಡು ತೊಟ್ಟಿಗಳ ಪಿಎಚ್ 6ರ ಸಮೀಪಕ್ಕೆ ಕುಸಿದು, ಕಪ್ಪೆಚಿಪ್ಪಿನ ಚೂರುಗಳ ಚೀಲ ಇಳಿಬಿಡಬೇಕಾದಾಗ, ರಿಂಗ್ ತೊಟ್ಟಿ 7ರ ಆಸುಪಾಸಿನಲ್ಲೇ ನಿಂತಿತ್ತು. ಜನವರಿಯ ಚಳಿಯ ಬೆಳಗಿನಲ್ಲೂ ಅದರ ನೀರು ಐಬಿಸಿ ಟ್ಯಾಂಕಿನದಕ್ಕಿಂತ ಬೆಚ್ಚಗಿದ್ದು, ಮೀನುಗಳು ಮೇವಿಗೆ ಮೊದಲು ಮೇಲೆ ಬರುತ್ತಿದ್ದವು. ಒಮ್ಮೆ ಕಟ್ಟಿದ ಮೇಲೆ ಸ್ಥಳ ಬದಲಿಸುವಂತಿಲ್ಲ ಎಂಬುದು ಅದರ ನಿಜವಾದ ಕೊರತೆ.

ಯಾವ ತೊಟ್ಟಿಯಾದರೂ ಮೀನಿನ ಸಂಖ್ಯೆಯಲ್ಲಿ ಆಸೆ ಮಾಡಬಾರದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಹೊರತಂದ ಕೈಪಿಡಿ ಸಾವಿರ ಲೀಟರ್ ನೀರಿಗೆ 20 ಕೆ.ಜಿ. ಮೀನನ್ನು ಮೇಲ್ಮಿತಿಯಾಗಿ ಹೇಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಬರಲು ದಿನಗಳೇ ಹಿಡಿಯುವ ಊರಿನಲ್ಲಿ ನಾನು ಅದರ ಅರ್ಧಕ್ಕೆ ನಿಲ್ಲಿಸಿದ್ದೇನೆ ಮತ್ತು ಗಾಳಿ ಊದುವ ಸಣ್ಣ ಪಂಪಿಗೆ ಬ್ಯಾಟರಿ ಇಟ್ಟಿದ್ದೇನೆ.

ತೊಟ್ಟಿಯ ಆಯ್ಕೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಅಡಿಕೆ ತೋಟಕ್ಕೆ ಸಂಬಂಧಿಸಿದ್ದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ; ನಮ್ಮಂತಹ ಮೆದು ನೀರಿನಲ್ಲಿ ಅದರ ತೀವ್ರತೆ ಇನ್ನೂ ಹೆಚ್ಚು. ಔಷಧಿ ಕಲಸಿದ ಡ್ರಮ್ಮನ್ನು ಎಷ್ಟೇ ತೊಳೆದರೂ ಮೀನಿಗೆ ಬಳಸಬಾರದು. ಸಿಂಪರಣೆಯ ತುಂತುರು ಗಾಳಿಯಲ್ಲಿ ಬಂದು ಮಾಡಿನ ಮೇಲೆ ಕೂತು, ಮುಂದಿನ ಮಳೆಗೆ ತೊಳೆದುಹೋಗುತ್ತದೆ. ಆ ನೀರು ತೊಟ್ಟಿಗೆ ಬೀಳದಂತೆ ಸೂರಿಗೆ ದಂಬೆ ಕಟ್ಟಿ ಬೇರೆಡೆಗೆ ಹರಿಯಬಿಡಬೇಕು.

ಜಾಗ ನಿಶ್ಚಯವಾಗದವರು ಒಂದು ವರ್ಷ ಐಬಿಸಿ ಟ್ಯಾಂಕಿನಲ್ಲಿ ಕಲಿಯಲಿ ಎಂದು ನನ್ನ ಸಲಹೆ. ನಾನಂತೂ ಇನ್ನೊಂದು ರಿಂಗ್ ತೊಟ್ಟಿಗೆ ತೋಟದಿಂದ ದೂರ, ಕೊಟ್ಟಿಗೆಯ ಆಚೆ ಬದಿಯಲ್ಲಿ ಗುಂಡಿ ತೋಡಿಸಿದ್ದೇನೆ. ಈ ಬಾರಿ ಅದರ ತಳವನ್ನೂ ಟಾರ್ಪಾಲಿನ್ ತೊಟ್ಟಿಯ ಹಾಗೆ ನಡುವಿಗೆ ಇಳಿಜಾರು ಮಾಡಿಸಿ ಪೈಪು ಕೊಡಿಸಲಿದ್ದೇನೆ.