ಸ್ಲೀಪರ್, ಎಕಾನಮಿ ಎಸಿ, ಪಾಡ್, ಲಾಡ್ಜ್: ಮುಂಬೈಗೆ ಬರುವವರ ನಿದ್ದೆಯ ಲೆಕ್ಕ

ಮುಂಬೈಯ ಒಂದು ಖೋಲಿಯ ಮನೆಗೆ ಊರಿಂದ ನಾಲ್ಕು ಜನ ಬಂದರೆ ಕಾಲು ಚಾಚಲು ಜಾಗವಿರುವುದಿಲ್ಲ. ಹಾಗಾಗಿ ಹುಬ್ಬಳ್ಳಿ, ಗದಗ, ಕಲಬುರಗಿ ಕಡೆಯಿಂದ ಆಸ್ಪತ್ರೆಗೋ ಪರೀಕ್ಷೆಗೋ ಬರುವ ನೆಂಟರಿಗೆ ಟಿಕೆಟ್ ಮಾಡಿಸುವವರೂ ನಾವೇ, ಲಾಡ್ಜ್ ಹುಡುಕುವವರೂ ನಾವೇ. ಎಲ್ಲ ಬಗೆಯನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇವೆ: ರೈಲಿನಲ್ಲಿ ಕ್ಲಾಸಿಗಿಂತ ಮೊದಲು ಬರ್ತ್ ನಂಬರ್ ನೋಡಿ, ಲಾಡ್ಜಿನಲ್ಲಿ ಬಾಡಿಗೆಗಿಂತ ಮೊದಲು ಗಡಿಯಾರ ನೋಡಿ.

ಥರ್ಡ್ ಎಸಿ ಎಕಾನಮಿಗೆ ಸ್ಲೀಪರ್‌ನ ಸುಮಾರು ಎರಡೂವರೆ ಪಟ್ಟು ದುಡ್ಡು. ಅದಕ್ಕೆ ಮುಚ್ಚಿದ ಕಿಟಕಿ, ಹಾಸಿಗೆ ಹೊದಿಕೆ, ತಲೆಯ ಹತ್ತಿರವೇ ಚಾರ್ಜಿಂಗ್ ಪಾಯಿಂಟ್ ಸಿಗುತ್ತದೆ. ಆದರೆ ಮಾಮೂಲಿ ಥರ್ಡ್ ಎಸಿಯ ಎಲ್‌ಎಚ್‌ಬಿ (ಹೊಸ ಮಾದರಿಯ) ಬೋಗಿಯಲ್ಲಿ 72 ಬರ್ತ್ ಇದ್ದರೆ, ಅಷ್ಟೇ ಉದ್ದದ ಎಕಾನಮಿ ಬೋಗಿಯಲ್ಲಿ 80ರ ಆಸುಪಾಸು ತುಂಬಿದ್ದಾರೆ. ಎದುರು ಕೂತವರ ಮೊಣಕಾಲು ತಾಗುತ್ತದೆ. ಮಲಗಿದ ಮೇಲೆ ಇದು ಬಾಧಿಸುವುದಿಲ್ಲ, ಹಗಲು ಪಯಣದಲ್ಲಿ ಬಾಧಿಸುತ್ತದೆ.

ಸ್ಲೀಪರ್‌ನಲ್ಲಿ ಕಾಲ ನೋಡಬೇಕು. ಮಳೆಗಾಲದಲ್ಲಿ ಲೋಣಾವಳ–ಕರ್ಜತ್ ಘಾಟಿನಲ್ಲಿ ಗಾಜಿನ ಶಟರ್ ಪೂರ್ತಿ ಇಳಿಸಿದರೂ ಕೆಳಗಿನ ಸಂದಿಯಿಂದ ನೀರು ಜಿನುಗಿ ಲೋವರ್ ಬರ್ತಿನ ರೆಕ್ಸಿನ್ ಮೇಲೆ ಹರಿಯುತ್ತದೆ. ಹಳೆಯ ಪೇಪರನ್ನು ನಾಲ್ಕು ಮಡಿಕೆ ಮಾಡಿ ಆ ಸಂದಿಗೆ ತುರುಕಿ, ತಲೆಯನ್ನು ಓಣಿಯ ಕಡೆ ಇಟ್ಟು ಮಲಗಬೇಕು. ಡಿಸೆಂಬರಿನಲ್ಲಿ ಬೆಳಗಾವಿ ದಾಟಿದ ಮೇಲೆ ಅದೇ ಸಂದಿಯಿಂದ ಕೊರೆಯುವ ಗಾಳಿ ಬರುತ್ತದೆ, ಸ್ಲೀಪರ್‌ಗೆ ಕಂಬಳಿ ಕೊಡುವುದಿಲ್ಲ. ಒಂದು ದಪ್ಪ ಚಾದರ, ಕಿವಿಗೆ ಮಫ್ಲರ್ ಮನೆಯಿಂದಲೇ ತರಬೇಕು.

ಬರ್ತ್ ನಂಬರನ್ನು 8ರಿಂದ ಭಾಗಿಸಿ. ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ ಶೇಷ 1, 4 ಬಂದರೆ ಲೋವರ್. 2, 5 ಮಿಡ್ಲ್. 3, 6 ಅಪ್ಪರ್. 7 ಸೈಡ್ ಲೋವರ್. ಶೇಷವೇ ಉಳಿಯದಿದ್ದರೆ ಸೈಡ್ ಅಪ್ಪರ್. ಮಿಡ್ಲ್ ಬರ್ತನ್ನು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ ಎತ್ತಿ ಕಟ್ಟಬಹುದು, ಅದರಲ್ಲಿ ನೆಟ್ಟಗೆ ಕೂರಲು ಆಗುವುದಿಲ್ಲ. ಸೈಡ್ ಬರ್ತಿನ ಎರಡೂ ತುದಿಗೆ ಗೋಡೆ, ಎತ್ತರದವರು ಮೊಣಕಾಲು ಮಡಚಿಯೇ ರಾತ್ರಿ ಕಳೆಯಬೇಕು. ಎರಡು ಸೀಟಿನ ಬೆನ್ನು ಮಡಚಿ ಮಾಡಿದ ಸೈಡ್ ಲೋವರ್‌ನ ನಡುವಿನ ಸಂದು ಸರಿಯಾಗಿ ಸೊಂಟಕ್ಕೇ ಒತ್ತುತ್ತದೆ. ಆರ್‌ಎಸಿ, ಅಂದರೆ ಪೂರ್ತಿ ಬರ್ತ್ ಖಚಿತವಾಗದ ಟಿಕೆಟ್ ಸಿಕ್ಕರೆ ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಬೋಗಿಯ ಎರಡೂ ಕೊನೆಯ ಎಂಟೆಂಟು ಬರ್ತ್‌ಗಳಿಗೆ ಶೌಚಾಲಯದ ವಾಸನೆ, ಬಾಗಿಲು ಬಡಿಯುವ ಸದ್ದು ತಪ್ಪಿದ್ದಲ್ಲ.

ಹರೆಯದವರಿಗೆ ನವೆಂಬರಿನಿಂದ ಫೆಬ್ರವರಿವರೆಗೆ ಬೋಗಿಯ ನಡುವಿನ ಸ್ಲೀಪರ್ ಅಪ್ಪರ್ ಸಾಕು, ಎಕಾನಮಿಗೆ ದುಡ್ಡು ಹಾಕುವುದು ದಂಡ. ಮಂಡಿ ನೋವಿರುವ ಅಜ್ಜಿಗೆ ಎಕಾನಮಿಯ ಮಿಡ್ಲ್‌ಗಿಂತ ಸ್ಲೀಪರ್‌ನ ಲೋವರ್ ಎಷ್ಟೋ ವಾಸಿ. ತತ್ಕಾಲ್ ಮಾಡಿಸುವುದಾದರೆ ಎಸಿಗೆ ಹಿಂದಿನ ದಿನ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಎಕಾನಮಿಯೂ ಎಸಿಯ ಲೆಕ್ಕದಲ್ಲೇ ಬರುತ್ತದೆ, 11ಕ್ಕೆ ಹುಡುಕಿದರೆ ಖಾಲಿಯಾಗಿರುತ್ತದೆ.

ಇನ್ನು ಉಳಿಯುವ ಜಾಗ. ಬೆಳಗ್ಗೆ ಆರಕ್ಕೆ ದಾದರಿನಲ್ಲಿ ಇಳಿದವರು ಮಧ್ಯಾಹ್ನ 12ರ ಚೆಕ್‌ಔಟ್ ಇರುವ ಲಾಡ್ಜಿಗೆ ಹೋದರೆ ಆರು ತಾಸಿಗೆ ಒಂದು ದಿನದ ಬಾಡಿಗೆ ಹೋಗುತ್ತದೆ. ಕೌಂಟರಿನಲ್ಲಿ ಮೊದಲು ಕೇಳಬೇಕಾದದ್ದು "ಚೌಬೀಸ್ ಘಂಟಾ ಯಾ ಬಾರಾ ಬಜೆ?" ಅಂದರೆ ಇಪ್ಪತ್ನಾಲ್ಕು ತಾಸಿನ ಲೆಕ್ಕವೋ, ಹನ್ನೆರಡು ಗಂಟೆಯ ಚೆಕ್‌ಔಟೋ? 24 ತಾಸಿನ ಲಾಡ್ಜಿಗೆ ಇನ್ನೂರು ಹೆಚ್ಚು ಕೊಟ್ಟರೂ ಲಾಭವೇ, ಒಳಗೆ ಹೋದ ಹೊತ್ತನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.

ಸ್ಟೇಷನ್ನಿನಲ್ಲೇ ಉಳಿಯಲು ಕೊಡುವ ರೈಲ್ವೆ ರಿಟೈರಿಂಗ್ ರೂಮಿಗೆ ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟಿನ ಪಿಎನ್‌ಆರ್ ಬೇಕು. ಡಾರ್ಮಿಟರಿ ತೀರಾ ಅಗ್ಗ, ಆದರೆ ಅನೌನ್ಸ್‌ಮೆಂಟ್ ರಾತ್ರಿಯಿಡೀ ಕಿವಿಗೆ ಬೀಳುತ್ತದೆ. ಮುಂಬೈ ಸೆಂಟ್ರಲ್‌ನಲ್ಲಿ 2021ರ ನವೆಂಬರಿನಲ್ಲಿ 48 ಪಾಡ್‌ಗಳ (ಮಲಗಲಷ್ಟೇ ಜಾಗವಿರುವ ಗೂಡುಗಳ) ಹೋಟೆಲ್ ಶುರುವಾಯಿತು, ಆಗಿನ ದರ 12 ತಾಸಿಗೆ 999 ರೂಪಾಯಿ. ದಾದರಿನಿಂದ ವೆಸ್ಟರ್ನ್ ಲೈನ್ ಸ್ಲೋ ಲೋಕಲ್‌ನಲ್ಲಿ ನಾಲ್ಕನೇ ಸ್ಟೇಷನ್. ಬೆಳಗ್ಗೆ ಎಂಟರ ನಂತರ ದೊಡ್ಡ ಬ್ಯಾಗ್ ಹಿಡಿದು ಹತ್ತಲು ಹೋಗಬೇಡಿ. ಒಬ್ಬರೇ ಬಂದು ಸಂದರ್ಶನಕ್ಕೆ ಹೋಗುವವರಿಗೆ ಪಾಡ್ ಹೇಳಿ ಮಾಡಿಸಿದ್ದು. ರೋಗಿಯ ಜೊತೆ ಬಂದವರಿಗೆ ಬೇಡವೇ ಬೇಡ: ಪಾಡಿನೊಳಗೆ ಎದ್ದು ನಿಲ್ಲಲಾಗದು, ಶೌಚಾಲಯ ಹೊರಗೆ.

ಲಾಡ್ಜಿನಲ್ಲಿ ದುಡ್ಡು ಕೊಡುವ ಮೊದಲು ಐದು ನಿಮಿಷ ಕೇಳಿ ಪಡೆಯಿರಿ. ಗೋಡೆ ಬಡಿಯಿರಿ, ಟೊಳ್ಳು ಸದ್ದು ಬಂದರೆ ಪ್ಲೈವುಡ್. ಪಕ್ಕದವರ ಕೆಮ್ಮೂ ಕೇಳಿಸುತ್ತದೆ. ಕಿಟಕಿ ತೆರೆಯಿರಿ, ಅದು ಡಕ್ಟ್‌ಗೆ (ಕಟ್ಟಡದೊಳಗಿನ ಕಿರಿದಾದ ಗಾಳಿಗುಂಡಿಗೆ) ತೆರೆದರೆ ಕೆಳಗಿನ ಅಡುಗೆಮನೆಯ ಹೊಗೆ ರೂಮಿಗೆ ಬರುತ್ತದೆ. ನಲ್ಲಿ, ಫ್ಲಶ್, ಒಳಗಿನ ಚಿಲಕ ನೋಡಿ.

ಅದಕ್ಕಿಂತ ಮುಖ್ಯ ತಿಗಣೆ. ಬ್ಯಾಗನ್ನು ಮಂಚದ ಮೇಲೆ ಇಡದೆ ಮೊದಲು ಬಾತ್‌ರೂಮಿನ ಟೈಲ್ಸ್ ಮೇಲೆ ಇಡಿ. ಹಾಸಿಗೆಯ ತಲೆಕಡೆಯ ಮೂಲೆ ಎತ್ತಿ, ಹೊಲಿಗೆಯ ಅಂಚನ್ನು ಬೆರಳಿನಿಂದ ಬಿಡಿಸಿ, ಮೊಬೈಲ್ ಟಾರ್ಚ್ ಹಿಡಿಯಿರಿ. ಪೆನ್ನಿನ ಶಾಯಿ ಚುಕ್ಕೆಯಂಥ ಕಪ್ಪು ಕಲೆಗಳು ಸಾಲಾಗಿದ್ದರೆ, ಒದ್ದೆ ಬಟ್ಟೆಯಿಂದ ಉಜ್ಜಿದಾಗ ಕಂದಾಗಿ ಹರಡಿದರೆ, ಅದು ತಿಗಣೆಯ ಹಿಕ್ಕೆ. ಬೇರೆ ರೂಮ್ ಕೊಡುತ್ತೇವೆ ಎಂದರೂ ಪಕ್ಕದ್ದು, ಮೇಲಿನದ್ದು, ಕೆಳಗಿನದ್ದು ಬೇಡ. ಗೋಡೆಯ ಬಿರುಕು, ವೈರಿಂಗ್ ಪೈಪಿನ ದಾರಿಯಲ್ಲಿ ಅವು ಅಲ್ಲಿಗೂ ಹೋಗಿರುತ್ತವೆ. ಮೂಗಿಗೆ ಬಡಿಯುವ ಸ್ಪ್ರೇ ವಾಸನೆ ಇದ್ದರೂ ಬಿಟ್ಟು ಬನ್ನಿ. ಗೊತ್ತಾಗದೆ ಮಲಗಿ ಎದ್ದಿದ್ದರೆ, ಮನೆಗೆ ಬಂದೊಡನೆ ಬ್ಯಾಗನ್ನು ಬಾಲ್ಕನಿಯಲ್ಲೇ ಖಾಲಿ ಮಾಡಿ, ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಿನಲ್ಲಿ ನೆನೆಸಿದರೆ ಮೊಟ್ಟೆ ಸಾಯುವುದಿಲ್ಲ.